ನಾಟಕಕಾರನ ಬಲಗೈ

ಫೆಬ್ರವರಿ 9

ನಮಸ್ಕಾರ ಮೇಡಂ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಮುಖ ನನಗೂ ಗೊತ್ತಿಲ್ಲ. ಆದರೆ ನಿಮ್ಮ ಬಲಗೈ ಮಾತ್ರ ಚಿಕ್ಕಂದಿನಿಂದ ಗೊತ್ತು. ಹೀಗೆಂದರೆ ಗಾಬರಿಯಾಗುತ್ತೀರೇನೋ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ನಮ್ಮಪ್ಪನದು ಟೀವಿ ರಿಪೇರಿ ಅಂಗಡಿ. ಯಾರ ಮನೆಯ ವಿಡಿಯೋ ಪ್ಲೇಯರ್ ಬಂದರೂ ರಿಪೇರಿ ಮುಗಿದ ಮೇಲೆ ಅಪ್ಪ ಪರೀಕ್ಷೆಗೆ ಹಾಕುತ್ತಿದ್ದ ಟೇಪು ಒಂದೇ, ‘ಮುಂದಿನ ಅಂಕ ನಾಳೆ’. ನಾನೂರು ವರ್ಷದ ಹಿಂದಿನ ಆ ದೊಡ್ಡ ನಾಟಕಕಾರ, ಶಾಲೆಯಲ್ಲಿ ನಮ್ಮೆಲ್ಲರ ಜೀವ ಹಿಂಡಿದ ಮಹಾಶಯ, ನಿಮ್ಮ ಧಾರಾವಾಹಿಯಲ್ಲಿ ಮಾತ್ರ ರಾಜನಿಗೆ ಕೊಟ್ಟ ಮಾತಿಗೆ ತಪ್ಪಿ ಮನೆ ಮಾಲಕಿಯ ಅಡುಗೆಮನೆಯಲ್ಲಿ ಅಡಗಿ ಕೂತಿರುತ್ತಾನಲ್ಲ, ಅದನ್ನು ನೋಡುತ್ತಲೇ ನಾನು ಬೆಳೆದೆ. ಪ್ಲೇಯರ್ ಸರಿಯಾಗಿದೆ ಎಂದು ಅಪ್ಪನಿಗೆ ಗೊತ್ತಾದ ಮೇಲೂ ಟೇಪು ಓಡುತ್ತಲೇ ಇರುತ್ತಿತ್ತು. ಗಿರಾಕಿಗಳೂ ನಿಂತು ನೋಡುತ್ತಿದ್ದರು.

ಈಗ ಫೋನಿನಲ್ಲಿ ನಮ್ಮದೊಂದು ಗುಂಪಿದೆ, ಆರು ಸಾವಿರ ಜನ. ಆ ಧಾರಾವಾಹಿಯ ಹಿಂದಿನ ಚಿಲ್ಲರೆ ಸಂಗತಿಗಳನ್ನು ಹೆಕ್ಕಿ ಪಟ್ಟಿ ಮಾಡುವುದೇ ನಮ್ಮ ಕೆಲಸ. ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುವವಳಾದ್ದರಿಂದ ಅಲ್ಲಿ ನನ್ನ ಹೆಸರು ಫ್ರೇಮ್‌ಹುಳು. ಇದುವರೆಗೆ 212 ಸಂಗತಿ ಸಿಕ್ಕಿವೆ. ರಾಜನ ಕಿರೀಟ ಕೇಕ್ ಡಬ್ಬಿಯ ಮುಚ್ಚಳ (17). ಮಾಲಕಿಯ ಬೆಕ್ಕು ಒಂದಲ್ಲ, ಎರಡು. ಐದನೇ ಕಂತಿನ ಮಧ್ಯದಲ್ಲಿ ಬಾಲದ ತುದಿ ಬೆಳ್ಳಗಾಗುತ್ತದೆ (58). ನಾಟಕಕಾರನ ಪಾತ್ರ ಮಾಡಿದ ನಟರು ಎಡಚರು, ಹಾಗಾಗಿ ಗರಿ ಹಿಡಿದು ಬರೆಯುವ ಬಲಗೈ ಬೇರೆಯವರದು (130). ಆ ಕೈಯ ಹೆಬ್ಬೆರಳ ಮೇಲೊಂದು ಕಲೆ ಇದೆ. ಕತ್ತಿವರಸೆಯವರಿರಬೇಕು ಎಂದು ಅರ್ಧ ಜನ ವಾದ ಮಾಡುತ್ತಾರೆ.

ಉತ್ತರವೇ ಸಿಗದ ಸಂಗತಿ ಒಂದಿದೆ, 131. ಮೊದಲ ಸರಣಿಯ ಹದಿಮೂರೂ ಕಂತು ಅಷ್ಟು ಚೆನ್ನಾಗಿರುವಾಗ ಎರಡನೇ ಸರಣಿ ಯಾಕೆ ಸಪ್ಪೆ? ಬರೆದ ಸಾಹಿತಿಗಳು ಅವರೇ, ನಟರು ಅವರೇ, ಬೆಕ್ಕುಗಳೂ ಅವೇ. ನಾಲ್ಕೇ ಕಂತಿಗೆ ನಿಂತುಹೋಯಿತು.

ಆ ಕೈ ನಿಮ್ಮದಿರಬಹುದು ಎಂದ ಟೀವಿ ಕೇಂದ್ರದ ನಿವೃತ್ತರ ಸಂಘದವರು ನಿಮ್ಮ ವಿಳಾಸ ಮಾತ್ರ ಕೊಡಲಿಲ್ಲ. ಪತ್ರ ಕೊಟ್ಟರೆ ತಲುಪಿಸುತ್ತೇವೆ ಎಂದರು. ಜೀವನದಲ್ಲಿ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಉದ್ದವಾಗಿದ್ದರೆ ಕ್ಷಮಿಸಿ. ಆ ಕೈ ನಿಮ್ಮದೇನಾ?

ಉತ್ತರಕ್ಕೆ ಕಾದು ಕೂತಿರುವ,
ಫ್ರೇಮ್‌ಹುಳು


ಫೆಬ್ರವರಿ 27

ಹುಡುಗಿ,

ಪತ್ರ ತಲುಪಿತು. ಹೌದು, ಆ ಕೈ ನನ್ನದು.

ನಾನು ಪ್ರಾಪರ್ಟಿ ವಿಭಾಗದಲ್ಲಿದ್ದೆ, ಸೆಟ್ಟಿಗೆ ಬೇಕಾದ ಸಾಮಾನು ಹೊಂದಿಸುವ ಕೆಲಸ. ಹಳೆಯ ಕಾಲದ ಕಾಗದ ಬೇಕೆಂದರೆ ಬಿಳಿ ಹಾಳೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸುತ್ತಿದ್ದೆ. ಹೆಬ್ಬೆರಳ ಕಲೆ ಆ ಇಸ್ತ್ರಿಯದು. ಕತ್ತಿಯನ್ನು ನಾನು ಹಿಡಿದಿದ್ದು ತರಕಾರಿ ಹೆಚ್ಚಲು ಮಾತ್ರ.

ಪಠ್ಯಪುಸ್ತಕದ ಚಿತ್ರದಲ್ಲಿ ನಾಟಕಕಾರನ ಬಲಗೈಯಲ್ಲಿ ಗರಿ ಇದೆ. ಎಡಗೈಯಲ್ಲಿ ಬರೆದರೆ ಮೇಷ್ಟ್ರುಗಳೆಲ್ಲ ದೂರು ಬರೆಯುತ್ತಾರೆಂದು ನಿರ್ದೇಶಕರಿಗೆ ಭಯ. ಹಾಗಾಗಿ ನಟರು ತಮ್ಮ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾನು ಗಿಡ್ಡ ಸ್ಟೂಲಿನ ಮೇಲೆ ಅವರ ಹಿಂದೆ ಕೂತು, ಅವರ ನಿಲುವಂಗಿಯ ತೋಳಿನೊಳಗೆ ನನ್ನ ಕೈ ತೂರಿಸಿ ಬರೆಯುತ್ತಿದ್ದೆ. ಅವರ ಕಂಕುಳಲ್ಲಿ ನನ್ನ ತಲೆ. ಹಸಿ ಈರುಳ್ಳಿ ಅವರಿಗೆ ಬಲು ಇಷ್ಟ, ಉಳಿದದ್ದು ನೀನೇ ಊಹಿಸಿಕೊ. ಕ್ಯಾಮೆರಾ ಓಡುತ್ತಿರುವಾಗಲೇ, “ಅಮ್ಮಾ ತಾಯಿ, ಸ್ವಲ್ಪ ದುಂಡಗೆ ಬರಿ, ಮರ್ಯಾದೆ ಹೋಗೋದು ನಂದು” ಎಂದು ಪಿಸುಗುಟ್ಟುತ್ತಿದ್ದರು. ನಗುವ ಹಾಗಿರಲಿಲ್ಲ. ನಕ್ಕರೆ ಮಹಾಕವಿಯ ಕೈ ಕುಣಿಯುತ್ತಿತ್ತು.

ಕಿರೀಟ ಕೇಕ್ ಡಬ್ಬಿಯದಲ್ಲ, ಬಣ್ಣದ ಡಬ್ಬಿಯದು. 17 ತಿದ್ದಿಕೊ.

ಏನು ಬರೆಯಲಿ ಎಂದು ಕೇಳಿದಾಗ ನಿರ್ದೇಶಕರು ಏನಾದರೂ ಗೀಚಿ ಎಂದರು. ಆಗಿನ ಟೀವಿಯಲ್ಲಿ ಅದು ಇರುವೆ ಸಾಲಿನ ಹಾಗೆ ಕಾಣುತ್ತಿತ್ತು, ಅಷ್ಟೇ. ಹಾಗಾಗಿ ಏನೋ ಗೀಚಿದೆ. 131ರ ಬಗ್ಗೆ ನನಗೆ ಹೇಳುವುದು ಏನೂ ಇಲ್ಲ.

ನಿನ್ನ ತಂದೆಯವರಿಗೆ ನಮಸ್ಕಾರ.

ಆ ಕೈಯ ಒಡತಿ


ಮಾರ್ಚ್ 14

ಅಮ್ಮಾ,

ಮೇಡಂ ಎನ್ನುವುದನ್ನು ಬಿಟ್ಟೆ, ಬೇಸರವಿಲ್ಲ ತಾನೆ? ನಿಮ್ಮ ಪತ್ರವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಈರುಳ್ಳಿಯ ಹತ್ತಿರ ಬಂದಾಗ ಅವರ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

ದೊಡ್ಡ ಸುದ್ದಿ ಬೇರೆ ಇದೆ. ನಲವತ್ತನೇ ವರ್ಷಕ್ಕೆಂದು ಕೇಂದ್ರದವರು ಹಳೆಯ ಕಂತುಗಳನ್ನೆಲ್ಲ ಕೊಳೆ ತೆಗೆದು, ತಿಕ್ಕಿ ತೊಳೆದು ಹೊಸದಾಗಿ ಬಿಟ್ಟಿದ್ದಾರೆ. ರಾಜನ ಮೂಗಿನ ಮೇಲಿನ ಬೆವರೂ ಕಾಣುತ್ತದೆ. ನಿಮ್ಮ ಇರುವೆಗಳೂ ಅಕ್ಷರಗಳಾಗಿಬಿಟ್ಟಿವೆ.

ಎರಡನೇ ಕಂತಿನಲ್ಲಿ: “ರಾಜನ ಹಲ್ಲುನೋವು ಸೊಗಸಾಗಿದೆ. ಊಟಕ್ಕೆ ಕ್ಯಾಂಟೀನಿನಲ್ಲಿ ಜಾಗ ಹಿಡಿದಿರು.” ಆರನೆಯದರಲ್ಲಿ: “ಮಾಲಕಿಯ ಬೈಗುಳ ನಿಮ್ಮಮ್ಮನದೇ ತಾನೆ? ಗೊತ್ತಾಯಿತು.” ಎಂಟನೆಯದರಲ್ಲಿ: “ಇವತ್ತಿನದೂ ನಿನ್ನದೇ, ಎಲ್ಲರೂ ನಗುತ್ತಿದ್ದಾರೆ, ಕೇಳಿಸುತ್ತಿದೆಯಾ?”

ಆಮೇಲೆ ಎರಡನೇ ಸರಣಿ. ಮೊದಲ ಕಂತು: “ಸುಳ್ಳು ಹೇಳಿದೆ. ಸಹಿ ಹಾಕಿದೆ.” ಎರಡನೆಯದರಲ್ಲಿ ತೋಳು ಅಡ್ಡ ಬಂದಿದೆ. ಮೂರನೆಯದು: “ನೋಡುತ್ತಿದ್ದೀಯಾ?” ಕೊನೆಯ ಕಂತಿನಲ್ಲಿ ಪುಟದ ತುಂಬ ಒಂದೇ ಸಾಲು, ಹನ್ನೊಂದು ಸಲ: “ಎಲ್ಲ ನಿನ್ನದೇ.”

ಅಮ್ಮಾ, ಗುಂಪಿನಲ್ಲಿ ಹಬ್ಬವೋ ಹಬ್ಬ. ಇದನ್ನೇ 213 ಎಂದು ಹಾಕಿದೆ, “ಮಹಾಕವಿ ನಿಜವಾಗಿ ಬರೆಯುತ್ತಿದ್ದದ್ದು ಪ್ರೇಮಪತ್ರ” ಎಂಬ ತಲೆಬರಹ ಕೊಟ್ಟು. ಎರಡು ದಿನದಲ್ಲಿ ಗುಂಪು ಹದಿನೈದು ಸಾವಿರ ದಾಟಿದೆ. ಯಾರು ಆ ‘ನೀನು’ ಎಂದು ಪಂದ್ಯವೇ ನಡೆದಿದೆ. ಸೆಟ್ಟಿನ ಬೆಳಕಿನವನು ಎಂದು ಒಬ್ಬ, ನಿರ್ದೇಶಕರು ಎಂದು ಇನ್ನೊಬ್ಬಳು. ನನಗೊಬ್ಬಳಿಗೆ ಹೇಳಿ, ಯಾರು?

ಕುತೂಹಲದಿಂದ ಸಾಯುತ್ತಿರುವ,
ಫ್ರೇಮ್‌ಹುಳು


ಮಾರ್ಚ್ 19

ಹುಡುಗಿ,

ಅದನ್ನು ಈ ಪತ್ರ ಓದಿದ ತಕ್ಷಣ ತೆಗೆದುಹಾಕು. ಅವು ನಿನಗೆ ಬರೆದ ಮಾತುಗಳಲ್ಲ.

ಇನ್ನು ನನಗೆ ಬರೆಯಬೇಡ.


ಮಾರ್ಚ್ 25

ಅಮ್ಮಾ,

ಬರೆಯಬೇಡ ಎಂದಿರಿ. ಇದೊಂದು ಓದಿ, ಆಮೇಲೆ ಹರಿದುಹಾಕಿ.

ತೆಗೆದೆ. ಆದರೆ ಪೂರ್ತಿ ತೆಗೆಯಲು ಆಗುವುದಿಲ್ಲ, ಇಷ್ಟರಲ್ಲೇ ಎಷ್ಟೋ ಜನ ಉಳಿಸಿಕೊಂಡಿದ್ದಾರೆ. ಒಬ್ಬೊಬ್ಬರನ್ನೇ ಕೇಳಿಕೊಂಡೆ. ಕೆಲವರು ಅಳಿಸಿದರು, ಕೆಲವರು ನನಗೇ ಬೈದರು.

ನಿಮ್ಮ ಚೀಟಿಯನ್ನು ಅಪ್ಪನಿಗೆ ತೋರಿಸಿದೆ. ಅವರು ನನ್ನನ್ನು ಯಾವತ್ತೂ ಬೈದವರಲ್ಲ. ಕನ್ನಡಕ ತೆಗೆದಿಟ್ಟು, “ಬೇರೆಯೋರ ಮನೆ ಟೀವಿ ಬಿಚ್ಚಿದಾಗ ಒಳಗೆ ಏನು ಸಿಕ್ಕಿದ್ರೂ ಅವರ ಕೈಗೇ ಕೊಡ್ಬೇಕು ಕಣಮ್ಮ. ಅಂಗಡಿ ಮುಂದೆ ನೇತು ಹಾಕಬಾರದು” ಎಂದರು. ಅವರು ಬೈದಿದ್ದರೇ ವಾಸಿಯಾಗಿತ್ತು.

ಆ ಪುಟಗಳನ್ನು ಮತ್ತೆ ಓದಿದೆ, ಈ ಸಲ ನಗದೆ. ಅದರಲ್ಲಿ ಪ್ರೇಮವಿಲ್ಲ, ಅಥವಾ ನಾವು ಅಂದುಕೊಂಡಂಥದ್ದು ಇಲ್ಲ. “ಇವತ್ತಿನದೂ ನಿನ್ನದೇ” ಎಂದರೆ ಆ ಕಂತನ್ನು ಬೇರೆ ಯಾರೋ ಬರೆದಿದ್ದರು ಎಂದೇ ಅರ್ಥ ಅಲ್ಲವಾ? ಆದರೆ ಪರದೆಯ ಮೇಲೆ ‘ರಚನೆ’ ಎಂದು ಬರುವುದು ಸಾಹಿತಿಗಳ ಹೆಸರು.

ನಿಮ್ಮನ್ನು ಏನೂ ಕೇಳುವುದಿಲ್ಲ. ಆದರೆ ಒಂದು ವಿಷಯ ನಿಮಗೆ ಗೊತ್ತಿರಲಿ. ಹದಿಮೂರು ಕಂತುಗಳ ಮಾತನ್ನೂ ಕೇಂದ್ರದವರು ಪುಸ್ತಕ ಮಾಡುತ್ತಿದ್ದಾರೆ. ಹೊದಿಕೆಯ ಮೇಲೆ ಆ ಸಾಹಿತಿಗಳ ಹೆಸರೊಂದೇ ಇದೆ. ಮೇ ಕೊನೆಗೆ ಅಚ್ಚಿಗೆ ಹೋಗುತ್ತದಂತೆ. ಒಮ್ಮೆ ಪುಸ್ತಕವಾಯಿತೆಂದರೆ ಯಾರೂ ಮತ್ತೆ ಕೇಳುವುದಿಲ್ಲ.

ತಪ್ಪಾಯಿತು.

ಫ್ರೇಮ್‌ಹುಳು


ಏಪ್ರಿಲ್ 22

ಮಗೂ,

ನಿನ್ನ ಪತ್ರ ಹರಿಯಲಿಲ್ಲ. ಮೂರು ವಾರ ಟೀ ಡಬ್ಬಿಯ ಕೆಳಗಿತ್ತು. ಹೇಳುತ್ತೇನೆ. ಹೇಳಿದ ಮೇಲೆ ನೀನು ನನ್ನನ್ನು ಅಮ್ಮಾ ಎನ್ನಬೇಕಾಗಿಲ್ಲ.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಟೈಪಿಸ್ಟ್ ಒಬ್ಬಳಿದ್ದಳು, ನನ್ನ ವಯಸ್ಸಿನವಳೇ. ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಸಾಹಿತಿಗಳು ಆಗಲೇ ದೊಡ್ಡ ಹೆಸರು ಮಾಡಿದವರು. ಅವರು ಪ್ರತಿ ವಾರ ಅರ್ಧ ಪುಟ ಕಳಿಸುತ್ತಿದ್ದರು. “ರಾಜನಿಗೆ ಹಲ್ಲುನೋವು. ನಾಟಕಕಾರ ದುರಂತ ನಾಟಕ ಬರೆದಿದ್ದಾನೆ. ನಗಿಸಬೇಕು.” ಅಷ್ಟೇ. ಅದನ್ನು ಮೂವತ್ತೆರಡು ಪುಟ ಮಾಡುತ್ತಿದ್ದವಳು ಇವಳು. ಕೈಯಲ್ಲಿ ಬರೆಯುತ್ತಿರಲಿಲ್ಲ. ನೇರವಾಗಿ ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡುತ್ತಿದ್ದಳು, ಮಾತುಗಳನ್ನು ಬಾಯಲ್ಲಿ ಆಡಿಕೊಳ್ಳುತ್ತ. ಹಾಗಾಗಿ ಅವಳ ಕೈಬರಹದ್ದು ಒಂದು ಚೂರೂ ಎಲ್ಲಿಯೂ ಉಳಿಯಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ನಾಟಕಕಾರ, ನಾನು ಮಾಲಕಿ. ಪಕ್ಕದ ಮೇಜಿನವರು ನಕ್ಕರೆ ಆ ಮಾತು ಉಳಿಯುತ್ತಿತ್ತು, ಇಲ್ಲದಿದ್ದರೆ ಹೋಗುತ್ತಿತ್ತು.

ಕಂತು ಪ್ರಸಾರವಾಗುವಾಗ ಅವಳು ಮನೆಯಲ್ಲಿ ಕೂತು ನೋಡುತ್ತಿದ್ದಳು. ಕೈ ಬಂದಾಗ ಅವಳಿಗೆ ಗೊತ್ತು, ನಾನು ಅವಳಿಗೇ ಏನೋ ಬರೆಯುತ್ತಿದ್ದೇನೆ ಎಂದು. ಮರುದಿನ ಬಾಯಲ್ಲಿ ಹೇಳುತ್ತಿದ್ದೆ. ಅದು ನಮ್ಮಿಬ್ಬರ ಆಟ.

ಹದಿಮೂರು ಮುಗಿದ ಮೇಲೆ ಅವಳು ಒಂದು ಅರ್ಜಿ ಕೊಟ್ಟಳು. ಎರಡನೇ ಸರಣಿಯಲ್ಲಿ ಸಾಹಿತಿಗಳ ಹೆಸರಿನ ಕೆಳಗೆ ಚಿಕ್ಕದಾಗಿ ತನ್ನ ಹೆಸರೂ ಬರಲಿ ಎಂದು. ಅಷ್ಟೇ ಕೇಳಿದ್ದು. ಸಾಹಿತಿಗಳಿಗೆ ಸಿಟ್ಟು ಬಂತು, “ಟೈಪ್ ಮಾಡಿದಾಕೆಗೆಲ್ಲ ಹೆಸರು ಕೊಡೋದಾದ್ರೆ ಪೆನ್ನಿಗೂ ಕೊಡಿ” ಎಂದರಂತೆ. ವಿಚಾರಣೆ ಆಯಿತು. ಅವಳು ಬರೆಯುವುದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಮ್ಯಾನೇಜರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು, ಎರಡು ವರ್ಷದಿಂದ ನಾನು ಕಾಯುತ್ತಿದ್ದ ಕೆಲಸ ಕಾಯಂ ಮಾಡುವ ಆದೇಶ. ಇನ್ನೊಂದು, ಅವರೇ ಬರೆಸಿಟ್ಟ ಹೇಳಿಕೆ: “ನನಗೆ ತಿಳಿದಂತೆ ಆಕೆ ಟೈಪ್ ಕೆಲಸ ಮಾತ್ರ ಮಾಡಿದ್ದಾರೆ.” ಯಾರೂ ನನ್ನನ್ನು ಹೆದರಿಸಲಿಲ್ಲ. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು, “ಓದಿ ಸಹಿ ಹಾಕಮ್ಮ” ಎಂದರು. ನಾನು ಓದಿದೆ. ಹಾಕಿದೆ.

ಸುಳ್ಳು ಹಕ್ಕು ಸಾಧಿಸಿದಳೆಂದು ಅವಳನ್ನು ತೆಗೆದುಹಾಕಿದರು. ಅವಳು ಹೋಗುವ ದಿನ ನಾನು ಗೋದಾಮಿನಲ್ಲಿ ಬಾಗಿಲು ಹಾಕಿಕೊಂಡು ಕಿರೀಟಗಳಿಗೆ ಬಣ್ಣ ಬಳಿಯುತ್ತಿದ್ದೆ. ಬಳಿದ ಕಿರೀಟಕ್ಕೇ ಮತ್ತೆ ಬಳಿದೆ.

ಎರಡನೇ ಸರಣಿಯನ್ನು ಸಾಹಿತಿಗಳು ತಾವೇ ಬರೆದರು. ನಿನ್ನ 131ಕ್ಕೆ ಇದೇ ಉತ್ತರ. ಅವಳು ಇನ್ನೂ ನೋಡುತ್ತಿರಬಹುದೆಂದು ನಾನು ಆ ನಾಲ್ಕು ಪುಟ ಬರೆದೆ. ಅವಳ ಮನೆಯ ಟೀವಿಯಲ್ಲಿ ಅದು ಇರುವೆ ಸಾಲೇ ಎಂದು ನನಗೆ ಗೊತ್ತಿತ್ತು. ಓದಲಾಗುವುದಿಲ್ಲ ಎಂಬ ಧೈರ್ಯದಿಂದಲೇ ಬರೆದೆನೇನೋ.

ಅವಳು ಈ ಊರಿನಲ್ಲೇ ಇದ್ದಾಳೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಒಂದು ವಕೀಲರ ಕಚೇರಿಯಲ್ಲಿ ಟೈಪಿಸ್ಟಾಗಿಯೇ ನಿವೃತ್ತಳಾದಳೆಂದು ಕೇಳಿದೆ. ನಾನು ಹೋಗಿಲ್ಲ. ನನ್ನ ಮೊಮ್ಮಗಳು ಸ್ನೇಹಿತೆಯರನ್ನು ಕರೆತಂದು ಟೀವಿ ಹಾಕಿ, “ನೋಡ್ರೇ, ನಮ್ಮಜ್ಜಿ ಕೈ” ಎಂದು ತೋರಿಸುತ್ತಾಳೆ. ಅವಳಿಗೆ ಏನೆಂದು ಹೇಳಲಿ?

ಈಗ ನಿನಗೂ ಗೊತ್ತಾಯಿತು.


ಮೇ 2

ಅಮ್ಮಾ,

ಮೂರು ದಿನ ಉತ್ತರ ಬರೆಯಲಾಗಲಿಲ್ಲ, ಕೋಪ ಬಂದಿತ್ತು. ನಿಮ್ಮ ಮೇಲೆ, ಸಾಹಿತಿಗಳ ಮೇಲೆ, 213 ಹಾಕಿ ನಗುತ್ತಿದ್ದ ನನ್ನ ಮೇಲೂ. ಸಮಾಧಾನ ಹೇಳುವಷ್ಟು ದೊಡ್ಡವಳು ನಾನಲ್ಲ, ಹೇಳುವುದೂ ಇಲ್ಲ.

ಕೇಂದ್ರದ ಪುಸ್ತಕ ವಿಭಾಗಕ್ಕೆ ಹೋಗಿದ್ದೆ. ನಿಮ್ಮ ಪತ್ರದ ಬಗ್ಗೆ ಬಾಯಿ ಬಿಡಲಿಲ್ಲ. ಈ ಕಂತುಗಳನ್ನು ಬೇರೆಯವರು ಬರೆದರೆಂದು ಗುಂಪಿನಲ್ಲಿ ಮಾತಿದೆ, ನಿಮಗೇನಾದರೂ ಗೊತ್ತಾ ಎಂದಷ್ಟೇ ಕೇಳಿದೆ. ಸಂಪಾದಕಿ ಒಳ್ಳೆಯವರು. ಕೇಳಿದ್ದಕ್ಕೆ ನಗಲಿಲ್ಲ. ಹಳೆಯ ಫೈಲು ತರಿಸಿ, ಅರ್ಜಿ ಬಂದದ್ದು ನಿಜ, ಆದರೆ ಅದರ ವಿರುದ್ಧ ಒಂದು ಸಹಿ ಇದೆ ಎಂದರು. “ನೀನು ಹೇಳಿದ್ರೆ ಅದು ಫೋನಿನ ಗಲಾಟೆ. ಸಹಿ ಹಾಕಿದವರೇ ಬರೆದುಕೊಟ್ರೆ ದಾಖಲೆ. ಇಪ್ಪತ್ತನೇ ತಾರೀಕಿನೊಳಗೆ ಬಂದ್ರೆ ಹೊದಿಕೆ ಬದಲಾಯಿಸ್ತೀನಿ.”

ಆ ಪುಟಗಳ ಚಿತ್ರಗಳು ನನ್ನ ಹತ್ತಿರ ಇವೆ. ಅವು ನಿಮ್ಮವು. ನೀವು ಹೇಳದೆ ಯಾರಿಗೂ ಕೊಡುವುದಿಲ್ಲ. ಇದರ ಜೊತೆ ಕಳಿಸಿದ್ದೇನೆ, ನಿಮ್ಮ ಕೈಗೇ.

ನಿಮ್ಮ ಮೊಮ್ಮಗಳಿಗೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ನಾನು ಅವಳಾಗಿದ್ದರೆ, ನಿಜವನ್ನೇ ಹೇಳಲಿ ಅನಿಸುತ್ತಿತ್ತು.

ನಿಮ್ಮ,
ಫ್ರೇಮ್‌ಹುಳು


ಮೇ 17

ಪುಸ್ತಕ ವಿಭಾಗದ ಸಂಪಾದಕಿಯವರಿಗೆ,

ನಿಮ್ಮ ಫೈಲಿನಲ್ಲಿ ನನ್ನ ಸಹಿ ಇರುವ ಹೇಳಿಕೆಯೊಂದಿದೆ. ಅದು ಸುಳ್ಳು. ನನ್ನ ಕೆಲಸ ಕಾಯಂ ಆಗಲೆಂದು ಸಹಿ ಹಾಕಿದೆ.

‘ಮುಂದಿನ ಅಂಕ ನಾಳೆ’ ಮೊದಲ ಸರಣಿಯ ಹದಿಮೂರು ಕಂತುಗಳನ್ನೂ ಬರೆದವಳು ಆಗ ಅಲ್ಲಿ ಟೈಪಿಸ್ಟಾಗಿದ್ದ, ಆ ಅರ್ಜಿ ಕೊಟ್ಟ ನನ್ನ ಗೆಳತಿ. ಸಾಹಿತಿಗಳು ಕೊಟ್ಟದ್ದು ವಾರಕ್ಕೆ ಅರ್ಧ ಪುಟದ ಸಾರಾಂಶ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾಲದಲ್ಲೇ ನನ್ನ ಕೈಯಿಂದ ಬರೆದ, ಪರದೆಯ ಮೇಲೆ ಕಾಣುವ ಪುಟಗಳ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇದನ್ನು ನಿವೃತ್ತರ ಸಂಘದ ಫಲಕದಲ್ಲಿ ಹಾಕಬೇಕೆಂದಿದ್ದರೂ ನನ್ನ ಅಡ್ಡಿಯಿಲ್ಲ. ಇದರ ಒಂದು ಪ್ರತಿಯನ್ನು ಅವಳ ವಿಳಾಸಕ್ಕೂ ಕಳಿಸಿ. ನಾನೇ ಕಳಿಸಿದರೆ ಅವಳು ಬಿಚ್ಚಲಿಕ್ಕಿಲ್ಲ.

ಪ್ರಾಪರ್ಟಿ ವಿಭಾಗ, ನಿವೃತ್ತ


ಜೂನ್ 6

ನಿನಗೆ,

ಪುಸ್ತಕದವರು ಅಚ್ಚು ತಡೆಹಿಡಿದು ಮೊದಲ ಪುಟದ ಕರಡು ಕಳಿಸಿದ್ದಾರೆ. ನನ್ನ ಹೆಸರಿದೆ, ಮೇಲಿನ ಸಾಲಿನಲ್ಲೇ. ಮೂರು ಸಲ ಓದಿದೆ. ಟೈಪಿಸ್ಟಿನ ಚಾಳಿ, ಸಂತೋಷಪಡುವುದಕ್ಕಿಂತ ಮೊದಲು ತಪ್ಪು ಹುಡುಕಿದೆ. ಹೆಸರಿನಲ್ಲಿ ತಪ್ಪಿಲ್ಲ.

ನಿನ್ನ ಹೇಳಿಕೆಯಲ್ಲಿದೆ. ಹದಿಮೂರೂ ನನ್ನವಲ್ಲ. ಹತ್ತನೆಯದು ನಿನ್ನದು. ಆ ವಾರ ನಾನು ಜ್ವರದಲ್ಲಿ ತಲೆ ಎತ್ತಲಾರದೆ ಬಿದ್ದಿದ್ದೆ. ನೀನು ನಮ್ಮ ಮನೆಯ ಕಿಟಕಿ ಹತ್ತಿರ ಕೂತು, ನಿನ್ನ ಟೀ ಬಣ್ಣದ ಹಾಳೆಗಳ ಹಿಂಬದಿಯಲ್ಲಿ ಪೂರ್ತಿ ಬರೆದು ಮುಗಿಸಿದೆ. ನಾಟಕದಲ್ಲಿ ಮುದುಕ ದೂತನೊಬ್ಬನನ್ನು ಯಾಕೆ ಸಾಯಿಸಿದೆ ಎಂದು ಮಾಲಕಿ ನಾಟಕಕಾರನನ್ನು ಕೇಳುವುದು, ಇವನು ಎದ್ದು ಪಾತ್ರೆ ತೊಳೆಯಲು ನಿಲ್ಲುವುದು, ಎಲ್ಲ ನಿನ್ನದು. ನಾನು ಅಕ್ಷರವೊಂದನ್ನೂ ಬದಲಿಸದೆ ಟೈಪ್ ಮಾಡಿದೆ. ನನ್ನವಕ್ಕಿಂತ ಚೆನ್ನಾಗಿತ್ತು. ಆಗ ನಿನಗೆ ಹಾಗೆ ಹೇಳಲಿಲ್ಲ, ಹೊಟ್ಟೆಕಿಚ್ಚು.

ನೀನು ಮರೆತಿಲ್ಲ. ಎಲ್ಲವನ್ನೂ ನನಗೇ ಕೊಟ್ಟುಬಿಟ್ಟರೆ ಲೆಕ್ಕ ಸರಿಹೋಗುತ್ತದೆ ಅಂದುಕೊಂಡೆ ನೀನು. ಆಗ ನನ್ನ ವಿರುದ್ಧ ಸುಳ್ಳು ಬರೆದೆ, ಈಗ ನನ್ನ ಪರವಾಗಿ. ಎರಡೂ ನನಗೆ ಬೇಡ.

ಎರಡನೇ ಸರಣಿಯನ್ನು ನಾನು ನೋಡಿದೆ, ನಾಲ್ಕು ಕಂತನ್ನೂ. ಏನು ಬರೆದೆಯೋ ಕಾಣಲಿಲ್ಲ, ಕೊನೆಯದರಲ್ಲಿ ಕೈ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುತ್ತಿದ್ದದ್ದು ಕಾಣುತ್ತಿತ್ತು. ಕ್ಷಮಿಸಿದ್ದೇನೆ ಎಂದು ಇಲ್ಲಿ ಬರೆಯಲು ಎರಡು ಸಲ ಹೊರಟೆ. ಆಗಲಿಲ್ಲ. ಸುಳ್ಳು ಬರೆಯುವುದು ಬೇಡವೆಂದು ಬಿಟ್ಟೆ.

ಹತ್ತನೇ ಕಂತಿಗೆ ನಿನ್ನ ಹೆಸರು ಹಾಕಲು ಸಂಪಾದಕಿ ಒಪ್ಪಿದ್ದಾರೆ. ತಿದ್ದುಪಡಿಗೆ ಇಬ್ಬರ ಸಹಿಯೂ ಬೇಕಂತೆ. ಗುರುವಾರ ಹನ್ನೊಂದಕ್ಕೆ ಪುಸ್ತಕ ವಿಭಾಗಕ್ಕೆ ಬಾ. ಮೊದಲು ನೀನು ಹಾಕು. ಈ ಸಲ ನೀನು ಸಹಿ ಹಾಕುವುದನ್ನು ನಾನು ಎದುರಿಗೆ ನಿಂತು ನೋಡಬೇಕು.

ಟೈಪಿಸ್ಟ್